ಕಾರವಾರದಲ್ಲಿ ಮೈದಾನ ಇಲ್ಲ, ಮಗಳಿಗೆ ಗಾಲ್ಫ್ ಟೂರ್ನಮೆಂಟ್ ಆಡಬೇಕಂತೆ

ಪ್ರಶ್ನೆ: ನಾನು ಅಂಕೋಲಾ ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಮನೆ ಕಾರವಾರದಲ್ಲಿ. ಮಗಳಿಗೆ 11 ವರ್ಷ, ಆರನೇ ಕ್ಲಾಸು. ನನ್ನ ತಮ್ಮ ಗೋವಾದ ಒಂದು ರೆಸಾರ್ಟಿನಲ್ಲಿ ಕೆಲಸಕ್ಕಿದ್ದಾನೆ, ಅವನೇ ಇವಳಿಗೆ ಗಾಲ್ಫ್ ಹುಚ್ಚು ಹಿಡಿಸಿದವನು. ಮೂರು ವರ್ಷದಿಂದ ರಜೆ ಸಿಕ್ಕಾಗಲೆಲ್ಲ ಆಡುತ್ತಾಳೆ. ಸೆವೆನ್ ಐರನ್ ಅನ್ನುವ ಕ್ಲಬ್ಬಿನಲ್ಲಿ (ಗಾಲ್ಫ್ ಕೋಲಿನಲ್ಲಿ) 90 ಯಾರ್ಡ್ ಹೊಡೆಯುತ್ತಾಳೆ, ಸ್ವಿಂಗ್ ಚೆನ್ನಾಗಿದೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ಈಗ ಟೂರ್ನಮೆಂಟ್ ಆಡಬೇಕೆಂದು ಹಟ ಹಿಡಿದಿದ್ದಾಳೆ. ಇಲ್ಲಿ ನಮ್ಮಂಥವರು ಹೋಗಿ ಆಡುವ ಮೈದಾನ ಇಲ್ಲ. ಬೆಂಗಳೂರಿಗೆ ಬಂದು ನೆಲೆಸದೆ ಏನೂ ಆಗುವುದಿಲ್ಲ ಎಂದು ಒಬ್ಬ ಕೋಚ್ ಹೇಳಿದರು. ನಿಜವೇ? ಅವಳು ತಯಾರಾಗಿದ್ದಾಳೆ ಅಂತ ಹೇಗೆ ತಿಳಿಯುವುದು? ಎಲ್ಲಿಂದ ಶುರು ಮಾಡಬೇಕು?

ಉತ್ತರ: ಅಕ್ಕೋರೇ, ಮೊದಲು ಬೆಂಗಳೂರಿನ ವಿಷಯ ಮುಗಿಸಿಬಿಡೋಣ. ಈಗ ಬೇಡ. 11 ವರ್ಷದ ಹುಡುಗಿಗೋಸ್ಕರ ನಿಮ್ಮ ನೌಕರಿ, ಅವಳ ಶಾಲೆ, ಗೆಳತಿಯರು ಎಲ್ಲ ಬಿಟ್ಟು ಹೊರಡುವಂಥದ್ದು ಏನೂ ಆಗಿಲ್ಲ. ಅವಳಿಗೆ 14 ಆದಾಗ ಸ್ಕೋರ್ ಕಾರ್ಡುಗಳು ಏನು ಹೇಳುತ್ತವೆ ಅಂತ ನೋಡಿ ಮತ್ತೆ ಯೋಚನೆ ಮಾಡಿದರೆ ಸಾಕು.

ನಿಮ್ಮ ಪತ್ರದಲ್ಲಿ ಅವಳು ಎಷ್ಟು ದೂರ ಹೊಡೆಯುತ್ತಾಳೆ ಅಂತ ಇದೆ. 9 ಹೋಲಿಗೆ, ಅಂದರೆ ಒಂಬತ್ತು ಗುಳಿಗೆ ಬಾಲ್ ಹಾಕಲು, ಎಷ್ಟು ಸ್ಟ್ರೋಕ್ (ಹೊಡೆತ) ತೆಗೆದುಕೊಳ್ಳುತ್ತಾಳೆ ಅಂತ ಎಲ್ಲೂ ಇಲ್ಲ. ನನಗೆ ಬರೆಯುವ ಅಪ್ಪ ಅಮ್ಮಂದಿರಲ್ಲಿ ಮುಕ್ಕಾಲು ಪಾಲು ಹೀಗೇ ಬರೆಯುತ್ತಾರೆ. ದೂರ ಕಣ್ಣಿಗೆ ಕಾಣುತ್ತದೆ, ವಿಡಿಯೊ ತೆಗೆದು ಸಂಬಂಧಿಕರಿಗೆ ಕಳಿಸಬಹುದು. ಬಾಲನ್ನು ಮೆಲ್ಲಗೆ ಗುಳಿಗೆ ಉರುಳಿಸುವ ಮೂರು ಅಡಿಯ ಪಟ್ ಯಾರೂ ವಿಡಿಯೊ ತೆಗೆಯುವುದಿಲ್ಲ. ಆದರೆ ಟೂರ್ನಮೆಂಟಿನಲ್ಲಿ ಲೆಕ್ಕ ಹಿಡಿಯುವುದು ಸ್ಟ್ರೋಕ್ ಮಾತ್ರ. 200 ಯಾರ್ಡ್ ಹೊಡೆದದ್ದೂ ಒಂದು, ಅರ್ಧ ಅಡಿ ದೂಡಿದ್ದೂ ಒಂದು.

ಹಾಗಾದರೆ ತಯಾರಾಗಿದ್ದಾಳೋ ಇಲ್ಲವೋ ಅಂತ ನೋಡುವುದು ಹೇಗೆ? ನಾನು ಮಾಡುವ ಪರೀಕ್ಷೆ ಸುಲಭ. ಗುಳಿಗೆ ಹತ್ತಿರ ಇರುವ ಮುಂದುಗಡೆಯ ಟೀಯಿಂದ (ಮೊದಲ ಹೊಡೆತ ಹೊಡೆಯುವ ಜಾಗದಿಂದ) 9 ಹೋಲ್ ಆಡಲಿ. ಒಂದೇ ಬಾಲ್. ಗಿಮ್ಮಿ (ಕೊನೆಯ ಚಿಕ್ಕ ಪಟ್ ಬಿಟ್ಟುಕೊಡುವುದು) ಇಲ್ಲ, ಮಲ್ಲಿಗನ್ (ಕೆಟ್ಟ ಹೊಡೆತ ಲೆಕ್ಕಕ್ಕೆ ಹಿಡಿಯದೆ ಮತ್ತೆ ಹೊಡೆಯುವುದು) ಇಲ್ಲ, ಬಾಲನ್ನು ಕಾಲಿನಿಂದ ಒಳ್ಳೆ ಹುಲ್ಲಿಗೆ ಸರಿಸುವುದೂ ಇಲ್ಲ. ಪ್ರತಿ ಹೋಲಿನಲ್ಲೂ ಬಾಲ್ ಗುಳಿಗೆ ಬೀಳುವ ತನಕ ಆಡಬೇಕು, ಸ್ಟ್ರೋಕ್ ಅವಳೇ ಎಣಿಸಬೇಕು, ಕಾರ್ಡು ಅವಳೇ ಬರೆಯಬೇಕು. ನೀವು ದೂರದಲ್ಲಿ ನಡೆಯುತ್ತ ನಿಮ್ಮ ಲೆಕ್ಕ ಬೇರೆ ಇಟ್ಟುಕೊಳ್ಳಿ. ಕೊನೆಗೆ ಎರಡೂ ಲೆಕ್ಕ ತಾಳೆಯಾದರೆ, 12 ಸ್ಟ್ರೋಕ್ ಆದ ಹೋಲಿನಲ್ಲೂ ಅಳದೆ 12 ಅಂತ ಬರೆದಿದ್ದರೆ, ಅವಳು ಮೊದಲ ಟೂರ್ನಮೆಂಟಿಗೆ ತಯಾರು. ಒಟ್ಟು 50 ಬಂತೋ 65 ಬಂತೋ ಅನ್ನುವುದು ಆಮೇಲಿನ ಮಾತು.

ಗಿಮ್ಮಿ ವಿಷಯ ಯಾಕೆ ಎತ್ತಿದೆ ಅಂದರೆ, ಮಾವನ ಜೊತೆ, ದೊಡ್ಡವರ ಜೊತೆ ಆಡಿ ಬೆಳೆದ ಮಕ್ಕಳಿಗೆಲ್ಲ ಈ ಅಭ್ಯಾಸ ಇದ್ದೇ ಇರುತ್ತದೆ. ಗುಳಿಯ ಹತ್ತಿರ ಬಂದ ಕೂಡಲೇ ಯಾರೋ ಒಬ್ಬರು 'ಎತ್ತಿಕೋ' ಅನ್ನುತ್ತಾರೆ, ಮಗು ಎತ್ತಿಕೊಳ್ಳುತ್ತದೆ. ಒಟ್ಟು ಸ್ಟ್ರೋಕ್ ಎಣಿಸುವ ಪಂದ್ಯದಲ್ಲಿ, ಅಂದರೆ ಸ್ಟ್ರೋಕ್ ಪ್ಲೇಯಲ್ಲಿ, ಹಾಗೆ ಎತ್ತಿಕೊಂಡು, ಸರಿಪಡಿಸದೆ ಮುಂದಿನ ಹೋಲಿನಲ್ಲಿ ಟೀ ಹೊಡೆದರೆ ಅಲ್ಲಿಗೆ ಕಥೆ ಮುಗಿಯಿತು, ಅನರ್ಹ. ನಿಮ್ಮ ತಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ, ಇನ್ನು ಮೇಲೆ ಯಾವ ಪಟ್ಟನ್ನೂ ಬಿಟ್ಟುಕೊಡಬೇಡ ಅಂತ.

ಈಗ ಮೈದಾನ ಇಲ್ಲ ಅನ್ನುವ ಚಿಂತೆ. ಒಂದು ಲೆಕ್ಕ ನೋಡಿ. 18 ಹೋಲಿನ ಮೈದಾನದ ಪಾರ್, ಅಂದರೆ ಚೆನ್ನಾಗಿ ಆಡುವವರಿಗೆ ಬೇಕಾಗುವ ಒಟ್ಟು ಸ್ಟ್ರೋಕ್, ಸಾಮಾನ್ಯವಾಗಿ 72. ಪಾರ್ ಕಟ್ಟುವಾಗ ಹೋಲಿಗೆ ಎರಡು ಪಟ್ ಅಂತ ಹಿಡಿಯುತ್ತಾರೆ. ಅಂದರೆ 36, ಸರಿಯಾಗಿ ಅರ್ಧ. ಅದರ ಮೇಲೆ ಗ್ರೀನಿನ (ಗುಳಿ ಇರುವ ನುಣುಪು ಹುಲ್ಲಿನ ಜಾಗದ) ಸುತ್ತಮುತ್ತಲಿನ ಚಿಪ್, ಅಂದರೆ ಬಾಲನ್ನು ಸ್ವಲ್ಪ ಎತ್ತಿ ಹಾಕುವ ಚಿಕ್ಕ ಹೊಡೆತ, ಸೇರಿಸಿ. ಮಕ್ಕಳ ಆಟದಲ್ಲಿ ಈ ಭಾಗ ಇನ್ನೂ ಜಾಸ್ತಿ. ಇದಕ್ಕೆಲ್ಲ 6,000 ಯಾರ್ಡ್ ಜಾಗ ಬೇಡ, ನಿಮ್ಮ ಮನೆ ಸಾಕು. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರನ್ನೇ ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಸ್ಟ್ರೋಕಿನಿಂದ ಪದಕ ತಪ್ಪಿ ನಾಲ್ಕನೆಯವರಾದರಲ್ಲ, ಅಲ್ಲಿ ಆಡಿದವರಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅವರು ಇದ್ದರು. ಅವರನ್ನು ಕೊನೆಯ ದಿನದ ತನಕ ಪದಕದ ಹತ್ತಿರ ಇಟ್ಟದ್ದು ಪಟ್ ಹೊಡೆಯುವ ಕ್ಲಬ್, ಪಟರ್.

ಮನೆಯಲ್ಲಿ ಪಟ್ ಅಭ್ಯಾಸಕ್ಕೆ ಸುಮ್ನೆ ದುಡ್ಡು ಹಾಕಿ ಮ್ಯಾಟ್ ತರಬೇಡಿ. ಟೈಲ್ಸ್ ನೆಲ, ಕಾವಿ ನೆಲ ಎರಡೂ ತುಂಬಾ ಜಾರುತ್ತವೆ, ಅಲ್ಲಿ ಕಲಿತ ಅಂದಾಜು ಹುಲ್ಲಿನ ಮೇಲೆ ಉಪಯೋಗಕ್ಕೆ ಬರುವುದಿಲ್ಲ. ಪಟ್ಟೆ ಇರುವ ಜಮಖಾನ ಇದೆಯಲ್ಲ, ಊಟದ ಪಂಕ್ತಿಗೆ ಹಾಸುವಂಥದ್ದು, ಅದನ್ನು ಬಿಗಿಯಾಗಿ ಹಾಸಿ. ಪಟ್ಟೆಯ ಗೆರೆಯ ಮೇಲೆ ಬಾಲ್ ಇಡಲಿ. ಹೊಡೆದ ಬಾಲ್ ಗೆರೆ ಬಿಟ್ಟು ಎಲ್ಲಿ ಹೊರಳಿತು ಅಂತ ಅವಳ ಕಣ್ಣಿಗೇ ಕಾಣುತ್ತದೆ, ಕೋಚ್ ಹೇಳಬೇಕಾಗಿಲ್ಲ. ಬಾಲಿನಿಂದ ಒಂದಡಿ ಮುಂದೆ ಎರಡು ಬೆಂಕಿಪೊಟ್ಟಣ ನಿಲ್ಲಿಸಿ, ನಡುವೆ ಬಾಲ್ ಹೋಗುವಷ್ಟೇ ಸಂದು ಬಿಡಿ. ಗಾಲ್ಫ್ ಬಾಲಿನ ಅಡ್ಡಳತೆ ಸುಮಾರು 43 ಮಿಲಿಮೀಟರ್, ಸಂದು 60 ಇದ್ದರೆ ಶುರುವಿಗೆ ಸಾಕು. ಆಚೆ ತುದಿಯಲ್ಲಿ ಗುಳಿಯ ಬದಲು ಒಂದು ಸ್ಟೀಲ್ ಲೋಟ ಅಡ್ಡ ಮಲಗಿಸಿ. ನಿಜವಾದ ಗುಳಿಯ ಅಗಲ 108 ಮಿಲಿಮೀಟರ್, ಲೋಟದ ಬಾಯಿ ಅದಕ್ಕಿಂತ ಚಿಕ್ಕದು. ತಿಂಗಳುಗಟ್ಟಲೆ ಲೋಟಕ್ಕೆ ಹೊಡೆದವಳಿಗೆ ಗ್ರೀನಿನ ಮೇಲಿನ ಗುಳಿ ದೊಡ್ಡದಾಗಿ ಕಾಣುತ್ತದೆ. ದಿನಕ್ಕೆ ಕಾಲು ಗಂಟೆ, ಮೂರು ಅಡಿಯಿಂದ ಆರು ಅಡಿಯೊಳಗೆ. ಜಾಸ್ತಿ ಬೇಡ, ಬೇಜಾರು ಬರುತ್ತದೆ.

ಚಿಪ್ಪಿಂಗಿಗೆ ಅಂಗಳ ಸಾಕು. ಐದಾರು ಹೆಜ್ಜೆ ದೂರದಲ್ಲಿ ಒಂದು ಗೋಣಿಚೀಲ ಹಾಸಿ, ಬಾಲ್ ಚೀಲದ ಮೇಲೆ ಬೀಳಬೇಕು. ಎಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದಕ್ಕಿಂತ ಎಲ್ಲಿ ಬೀಳುತ್ತದೆ ಅನ್ನುವುದನ್ನು ಮೊದಲು ಹಿಡಿತಕ್ಕೆ ತರಲಿ. ಒಂದು ವಾರ ಆದ ಮೇಲೆ ಚೀಲವನ್ನು ಮಡಚಿ ಅರ್ಧ ಮಾಡಿ. ಕೊಯ್ಲು ಮುಗಿದ ಗದ್ದೆ ಹತ್ತಿರ ಇದ್ದರೆ, ಗದ್ದೆಯವರನ್ನು ಕೇಳಿಕೊಂಡು, ನವೆಂಬರಿನಿಂದ ಮೇ ತನಕ ಅಲ್ಲಿ 30, 40 ಯಾರ್ಡಿನ ಪಿಚ್ (ಬಾಲನ್ನು ಎತ್ತರಕ್ಕೆ ಎತ್ತುವ ಹೊಡೆತ) ಹೊಡೆಯಬಹುದು. ಕೂಳೆಯ ನಡುವೆ ಬಿದ್ದ ಬಾಲನ್ನು ಎತ್ತಿ ಹೊಡೆಯಲು ಕಲಿತ ಮಗು ರಫ್‌ಗೆ, ಅಂದರೆ ಮೈದಾನದ ಉದ್ದ ಹುಲ್ಲಿಗೆ, ಹೆದರುವುದಿಲ್ಲ.

ಇನ್ನು ನಿಮ್ಮ ಹತ್ತಿರ ಒಂದು ಜಾಗ ಇದೆ, ಬೆಂಗಳೂರಿನ ಮಕ್ಕಳಿಗೆ ಇಲ್ಲದ್ದು. ಕಡಲ ತೀರ. ನೀರು ಇಳಿದಾಗ ಗಟ್ಟಿಯಾಗಿ ಉಳಿಯುತ್ತದಲ್ಲ ಒದ್ದೆ ಮರಳು, ಐರನ್ ಹೊಡೆತ ತಿದ್ದಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ನಾನು ಕಂಡಿಲ್ಲ. ಬಾಲ್ ಬೇಕಾಗಿಲ್ಲ. ಕ್ಲಬ್ಬಿನ ಅಂಚಿನಿಂದ ಮರಳಿನ ಮೇಲೆ ಒಂದು ಗೆರೆ ಎಳೆಯಲಿ, ಗೆರೆ ಎರಡು ಕಾಲುಗಳ ನಡುವೆ ಬರುವಂತೆ ನಿಲ್ಲಲಿ, ಬಾಲ್ ಗೆರೆಯ ಮೇಲೆ ಇದೆ ಅಂತ ಅಂದುಕೊಂಡು ಪೂರ್ತಿ ಸ್ವಿಂಗ್ ಮಾಡಲಿ. ಆಮೇಲೆ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಮರಳು ಕಿತ್ತ ಗುರುತು ಗೆರೆಯಿಂದ ಶುರುವಾಗಿ ಗುರಿಯ ಕಡೆಗೆ ಹೋಗಿದ್ದರೆ ಹೊಡೆತ ಸರಿ. ಗೆರೆಗಿಂತ ಒಂದಂಗುಲ ಹಿಂದೆಯೇ ಮರಳು ಕಿತ್ತಿದ್ದರೆ, ಹುಲ್ಲಿನ ಮೇಲೆ ಅದು ನೆಲಕ್ಕೆ ಬಡಿದು ಅರ್ಧ ದೂರಕ್ಕೆ ಬೀಳುವ ಹೊಡೆತ. ಗುರುತು ಎಡಕ್ಕೆ ತಿರುಗಿದೆಯೋ ಬಲಕ್ಕೋ ಅದೂ ಅಚ್ಚೊತ್ತಿದ ಹಾಗೆ ಕಾಣುತ್ತದೆ. ಹತ್ತು ಸಲ ಹೊಡೆದು, ಹತ್ತರಲ್ಲಿ ಎಷ್ಟು ಸರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯಲಿ. ಅಲೆ ಬಂದು ಅಳಿಸಿದರೆ ಮತ್ತೆ ಗೆರೆ.

ಮೇಲಿನ ಒಣ ಮರಳು ಬಂಕರ್ (ಮೈದಾನದ ಮರಳು ಗುಂಡಿ) ಅಭ್ಯಾಸಕ್ಕೆ. ಇಲ್ಲೊಂದು ಎಚ್ಚರಿಕೆ. ಬಂಕರಿನಲ್ಲಿ ಹೊಡೆಯುವ ಮೊದಲು ಬಾಲಿನ ಹಿಂದಿನ ಮರಳಿಗೆ ಕ್ಲಬ್ ತಾಗಿಸಿದರೆ ಎರಡು ಸ್ಟ್ರೋಕ್ ದಂಡ. ತೀರದಲ್ಲಿ ಆಡಿ ರೂಢಿಯಾದ ಮಕ್ಕಳು ಗೊತ್ತಿಲ್ಲದೆ ಕ್ಲಬ್ಬನ್ನು ಮರಳಿಗೆ ಊರುತ್ತಾರೆ. ಹಾಗಾಗಿ ಒಣ ಮರಳಿನಲ್ಲಿ ಯಾವಾಗಲೂ ಕ್ಲಬ್ ಗಾಳಿಯಲ್ಲೇ ನಿಲ್ಲಬೇಕು, ಮೊದಲ ದಿನದಿಂದಲೇ. ಸಮುದ್ರಕ್ಕೆ ಬಾಲ್ ಹೊಡೆಯುವ ಚಾಳಿ ಖಂಡಿತ ಬೇಡ. ಜನ ಓಡಾಡುವ ಹೊತ್ತು, ಮೀನುಗಾರರು ಬಲೆ ಎಳೆಯುವ ಹೊತ್ತು ಅಲ್ಲಿಗೆ ಹೋಗಬೇಡಿ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಕೆಲವು ಕಡೆ ಕಡಲಾಮೆ ಮೊಟ್ಟೆ ಇಡುತ್ತದೆ, ಅರಣ್ಯ ಇಲಾಖೆಯವರು ಬೇಲಿ ಹಾಕಿದ ಜಾಗದ ಹತ್ತಿರವೂ ಸುಳಿಯಬೇಡಿ. ಮನೆಗೆ ಬಂದ ತಕ್ಷಣ ಕ್ಲಬ್ಬುಗಳನ್ನು ಬಾವಿ ನೀರಿನಲ್ಲಿ ತೊಳೆದು, ಒಣ ಬಟ್ಟೆಯಲ್ಲಿ ಒರೆಸಿ ಇಡಿ. ಉಪ್ಪುಗಾಳಿ ವೆಡ್ಜ್ ಕ್ಲಬ್ಬಿನ ಮುಖವನ್ನು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಸುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಕಿಟ್ ಬ್ಯಾಗನ್ನು ಮುಚ್ಚಿಟ್ಟರೆ ಗ್ರಿಪ್ಪಿಗೂ ಗ್ಲೌಸಿಗೂ ಬೂಷ್ಟು ಹಿಡಿಯುತ್ತದೆ, ಬಾಯಿ ತೆರೆದು ಫ್ಯಾನಿನ ಕೆಳಗೆ ಇಡಿ.

ಇಷ್ಟು ಮನೆಯಲ್ಲಿ ಆಗುತ್ತದೆ. ಆಗದ್ದು ಒಂದೇ, ಹೋಲ್ ಆಡುವುದು. ಅದಕ್ಕೆ ಮೈದಾನಕ್ಕೇ ಹೋಗಬೇಕು, ಬೇರೆ ದಾರಿ ಇಲ್ಲ. ಮನೆ ಜಗಲಿಯಲ್ಲಿ ಚಂಡೆ ಬಾರಿಸುವುದಕ್ಕೂ ಮೇಳದಲ್ಲಿ ಭಾಗವತರ ಪಕ್ಕ ನಿಂತು ಬಾರಿಸುವುದಕ್ಕೂ ಎಷ್ಟು ಅಂತರವೋ, ನಿಂತಲ್ಲೇ ಬಾಲ್ ಹೊಡೆದು ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿಗೂ ಹೋಲಿಗೂ ಅಷ್ಟೇ ಅಂತರ. ಹಾಗಾಗಿ ನಿಮ್ಮ ಕೈಗೆ ಸಿಗುವ ಮೈದಾನದ ದಿನಗಳನ್ನು ರೇಂಜಿನಲ್ಲಿ ಬಕೆಟ್ ಬಕೆಟ್ ಬಾಲ್ ಹೊಡೆದು ಕಳೆಯಬೇಡಿ. ಹತ್ತು ಹದಿನೈದು ಬಾಲ್ ಹೊಡೆದು ಮೈ ಬಿಸಿ ಮಾಡಿಕೊಂಡು ನೇರ ಮೊದಲ ಟೀಗೆ. ಕಾರ್ಡು, ಪೆನ್ಸಿಲ್ ಕೈಯಲ್ಲಿ.

ಎಲ್ಲಿ ಹೋಗುವುದು? ನಿಮಗೆ ಅತಿ ಹತ್ತಿರ ಗೋವಾದ ಕಾಣಕೋಣ. ಅಲ್ಲಿ ರಾಜಬಾಗ್ ತೀರದ ದಿ ಲಲಿತ್ ರೆಸಾರ್ಟಿಗೆ 9 ಹೋಲಿನ ಮೈದಾನ ಇದೆ, ಟೀಗಳು ಎರಡೆರಡು ಇರುವುದರಿಂದ ಎರಡು ಸುತ್ತು ಹಾಕಿ 18 ಆಡಬಹುದು. ಗಡಿ ದಾಟಿದರೆ ಆಯಿತು, ಬೆಳಗ್ಗೆ ಹೋಗಿ ಸಂಜೆಗೆ ಮನೆ. ಹೋಗುವ ಮೊದಲು ಫೋನ್ ಮಾಡಿ, ಹೊರಗಿನವರಿಗೆ, ಅದರಲ್ಲೂ ಮಕ್ಕಳಿಗೆ ಯಾವ ಹೊತ್ತು ಕೊಡುತ್ತಾರೆ, ಫೀ ಎಷ್ಟು ಅಂತ ಕೇಳಿಕೊಳ್ಳಿ. ನಿಮ್ಮ ತಮ್ಮ ಗೋವಾದಲ್ಲೇ ಇದ್ದಾರಲ್ಲ, ಈ ಕೆಲಸ ಅವರಿಗೇ ಹಚ್ಚಿ. ದಕ್ಷಿಣಕ್ಕೆ ಮಂಗಳೂರಿನ ಪಿಲಿಕುಳ ಇದೆ. ಸಿರ್ಸಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಶಿವಮೊಗ್ಗದ ಕಿಮ್ಮನೆ ಅನುಕೂಲ. ಬೇಸಿಗೆ ರಜೆ, ದಸರಾ ರಜೆಯಲ್ಲಿ ಮಾತ್ರ ಬೆಂಗಳೂರು ಅಥವಾ ಮೈಸೂರು.

ಮೈದಾನದಲ್ಲಿ ಇನ್ನೊಂದು ವಿಷಯ, ಯಾವ ಟೀಯಿಂದ ಆಡಬೇಕು ಅನ್ನುವುದು. ದೊಡ್ಡವರ ಟೀಯಿಂದ ಆಡಿದರೆ ಮಗು ಬೇಗ ಗಟ್ಟಿಯಾಗುತ್ತದೆ ಅಂತ ಒಂದು ನಂಬಿಕೆ ಇದೆ. ಗಟ್ಟಿಯಾಗುವುದು ಸುಳ್ಳು, ಸುಸ್ತಾಗುವುದು ನಿಜ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರಿನಲ್ಲಿ 150 ಯಾರ್ಡ್ ಹೊಡೆಯುವವರಿಗೆ 18 ಹೋಲಿನ ಒಟ್ಟು ಉದ್ದ 3,500ರಿಂದ 3,700 ಯಾರ್ಡ್ ಇರಬೇಕು ಅಂತ ಗಾಲ್ಫಿನಲ್ಲಿ ಒಂದು ಅಂದಾಜು ಇದೆ. ಅಷ್ಟು ಮುಂದೆ ಟೀ ಇಲ್ಲದಿದ್ದರೆ ಫೇರ್‌ವೇಯಲ್ಲೇ (ಟೀಗೂ ಗ್ರೀನಿಗೂ ನಡುವಿನ ಕತ್ತರಿಸಿದ ಹುಲ್ಲಿನಲ್ಲೇ) ಒಂದು ಗುರುತು ಮಾಡಿಕೊಂಡು ಅಲ್ಲಿಂದ ಶುರು ಮಾಡಿಸಿ. ಪಾರ್ ಅಂದರೆ ಏನು, ಬರ್ಡಿ (ಪಾರಿಗಿಂತ ಒಂದು ಕಡಿಮೆ) ಅಂದರೆ ಏನು ಅಂತ ಮಗು ಸ್ವತಃ ಆಡಿ ಅನುಭವಿಸಬೇಕು. ಪ್ರತಿ ಹೋಲಿನಲ್ಲೂ ಎಂಟು, ಒಂಬತ್ತು ಬರೆಯುತ್ತ ಹೋದರೆ ಲೆಕ್ಕ ಇಡುವುದೇ ಶಿಕ್ಷೆಯಾಗುತ್ತದೆ.

ಕಾರ್ಡಿನಲ್ಲಿ ಸ್ಕೋರಿನ ಜೊತೆ ಮೂರು ವಿಷಯ ಬರೆಯಲು ಹೇಳಿ. ಪಟ್ ಎಷ್ಟು, ದಂಡದ ಸ್ಟ್ರೋಕ್ ಎಷ್ಟು, ಗ್ರೀನಿನ ಹತ್ತಿರ ಬಂದ ಮೇಲೆ ಬಾಲ್ ಗುಳಿಗೆ ಹಾಕಲು ಒಟ್ಟು ಎಷ್ಟು ಬೇಕಾಯಿತು. ಆರೇಳು ಕಾರ್ಡು ಕೂಡಿದ ಮೇಲೆ ಪಕ್ಕ ಪಕ್ಕ ಇಟ್ಟು ನೋಡಿ, ಎಲ್ಲಿ ಸೋರುತ್ತಿದೆ ಅಂತ ನಿಮಗೇ ಗೊತ್ತಾಗುತ್ತದೆ. ನೀವು ಮೇಷ್ಟ್ರ ಜಾತಿ, ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ.

ಈಗ ಟೂರ್ನಮೆಂಟಿಗೆ ಬರೋಣ. ಒಮ್ಮೆಲೇ ರಾಷ್ಟ್ರಮಟ್ಟದ ಫಾರ್ಮ್ ತುಂಬಬೇಡಿ. ಮೊದಲು ಯಾವುದಾದರೂ ಕ್ಲಬ್ಬಿನ ಜೂನಿಯರ್ ದಿನ, 9 ಹೋಲಿನ ಚಿಕ್ಕ ಪಂದ್ಯ. ಆಮೇಲೆ ಬೆಂಗಳೂರು, ಮೈಸೂರು ಕಡೆಯ ಕ್ಲಬ್ಬುಗಳು ಮಕ್ಕಳಿಗೆಂದು ನಡೆಸುವ ಒಂದು ದಿನದ, ಎರಡು ದಿನದ ಪಂದ್ಯಗಳು. ಅದಾದ ಮೇಲೆ ಇಂಡಿಯನ್ ಗಾಲ್ಫ್ ಯೂನಿಯನ್, ಅಂದರೆ ಐಜಿಯು ನಡೆಸುವ ಜೂನಿಯರ್ ಪಂದ್ಯಗಳು. 1955ರಲ್ಲಿ ಶುರುವಾದ ಈ ಸಂಸ್ಥೆಯೇ ದೇಶದ ಹವ್ಯಾಸಿ ಗಾಲ್ಫಿನ ಯಜಮಾನ. ಜೂನಿಯರ್ ಅಂದರೆ 18 ತುಂಬದವರು, ಅವರಲ್ಲೂ ವಯಸ್ಸಿನ ಪ್ರಕಾರ ಬೇರೆ ಬೇರೆ ವರ್ಗ. ಯಾವ ವರ್ಗ ಅನ್ನುವುದು ಹುಟ್ಟಿದ ತಾರೀಕಿನ ಮೇಲೆ ನಿಂತಿದೆ, ಆಯಾ ವರ್ಷದ ಪ್ರಕಟಣೆ ನೋಡಿಯೇ ಫಾರ್ಮ್ ತುಂಬಿ. ಜನನ ಪ್ರಮಾಣಪತ್ರದಲ್ಲೂ ಆಧಾರಿನಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರು, ತಾರೀಕು ಒಂದೇ ಥರ ಇದೆಯೇ ಅಂತ ಈಗಲೇ ನೋಡಿಕೊಳ್ಳಿ. ಇನಿಶಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ, ನಮ್ಮ ಕಡೆ ಇದು ಇದ್ದದ್ದೇ ಅಲ್ವಾ. ಕೊನೆಯ ದಿನ ತಾಲೂಕು ಕಚೇರಿಗೆ ಓಡುವುದು ಬೇಡ.

ಮೊದಲ ವರ್ಷ ನಾಲ್ಕೋ ಐದೋ ಪಂದ್ಯ ಸಾಕು. ಒಂದು ಮೆಟ್ಟಿಲಿನಲ್ಲಿ ಸ್ಕೋರು ಒಂದು ಹದಕ್ಕೆ ಬಂದ ಮೇಲೆ ಮುಂದಿನ ಮೆಟ್ಟಿಲು. ಹುಡುಗಿಯರ ತಾಯಂದಿರಿಗೆ ಇನ್ನೊಂದು ಮಾತು ಹೇಳಲೇಬೇಕು. ಚಿಕ್ಕ ವಯಸ್ಸಿನ ಹುಡುಗಿಯರ ವರ್ಗದಲ್ಲಿ ಎಷ್ಟೋ ಕಡೆ ಬೆರಳೆಣಿಕೆಯಷ್ಟೇ ಜನ ಇರುತ್ತಾರೆ. ಮೂವರು ಆಡಿದರೆ ಎಲ್ಲರಿಗೂ ಕಪ್. ಕಪ್ ಬಂತು ಅಂತ ಬೀಗುವುದೂ ಬೇಡ, ನಾಲ್ವರಲ್ಲಿ ನಾಲ್ಕನೆಯವಳಾದಳು ಅಂತ ಕೊರಗುವುದೂ ಬೇಡ. ಅದೇ ದಿನ ಅದೇ ಉದ್ದದ ಟೀಯಿಂದ ಹುಡುಗರು ಆಡಿದ್ದರೆ ಅವರ ಸ್ಕೋರಿನ ಪಕ್ಕ ಇವಳದ್ದನ್ನು ಇಟ್ಟು ನೋಡಿ. ಅದು ಹೆಚ್ಚು ನಿಜ ಹೇಳುತ್ತದೆ.

ಆಡುವವರ ಮಟ್ಟ ಹೇಳುವ ಅಂಕಿ, ಅಂದರೆ ಹ್ಯಾಂಡಿಕ್ಯಾಪ್ ಬಗ್ಗೆ ಎರಡು ಸಾಲು. 2020ರಿಂದ ಎಲ್ಲ ಕಡೆ ಒಂದೇ ಲೆಕ್ಕ, ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್. ಒಟ್ಟು 54 ಹೋಲಿನ ಕಾರ್ಡು ಸಲ್ಲಿಸಿದರೆ ಆ ಅಂಕಿ, ಇಂಡೆಕ್ಸ್ ಸಿಗುತ್ತದೆ, ಅಂದರೆ 9 ಹೋಲಿನ ಆರು ಸುತ್ತು. ಇಂಡೆಕ್ಸ್ ಗರಿಷ್ಠ 54. ಕಾರ್ಡು ಜಾಸ್ತಿಯಾದಂತೆ ಕೊನೆಯ 20ರಲ್ಲಿ ಒಳ್ಳೆಯ 8ರ ಸರಾಸರಿ ಹಿಡಿಯುತ್ತಾರೆ. ಇದಕ್ಕೆ ಒಂದು ಕ್ಲಬ್ಬಿನ ಸದಸ್ಯತ್ವ ಬೇಕಾಗುತ್ತದೆ. ಮಕ್ಕಳಿಗೆ ಬೇರೆ ದರ ಇದೆಯೇ ಅಂತ ಕೇಳಿ. ಕೇಳದೆ ಯಾರೂ ತಾವಾಗಿ ಹೇಳುವುದಿಲ್ಲ.

ಈಗ ನನ್ನ ಅತಿ ಇಷ್ಟದ ವಿಷಯ, ನಿಯಮಗಳು. ಜೂನಿಯರ್ ಪಂದ್ಯಗಳಲ್ಲಿ ಸ್ವಿಂಗ್ ಕೆಟ್ಟು ಸೋತವರಷ್ಟೇ ನಿಯಮ ಗೊತ್ತಿಲ್ಲದೆ ಸೋತವರೂ ಇದ್ದಾರೆ. ಒಂದು ಪಂದ್ಯದಲ್ಲಿ ನಾನು ನೋಡುತ್ತಿದ್ದೆ. ಇಬ್ಬರು ಹುಡುಗರ ಬಾಲ್ ಒಂದೇ ರಫ್‌ನಲ್ಲಿ ಬಿದ್ದಿತ್ತು, ಇಬ್ಬರದ್ದೂ ಒಂದೇ ಕಂಪನಿ, ಒಂದೇ ನಂಬರ್. ಮೊದಲು ಬಂದವನು ಮುಂದೆ ಸಿಕ್ಕಿದ್ದನ್ನು ಹೊಡೆದ. ಎರಡನೆಯವನು ಉಳಿದ ಬಾಲ್ ತಿರುಗಿಸಿ ನೋಡಿದರೆ, ಅದರ ಮೇಲೆ ತಾನು ಇಟ್ಟ ಹಸಿರು ಚುಕ್ಕೆ ಇಲ್ಲ. ಬೇರೆಯವರ ಬಾಲ್ ಹೊಡೆದದ್ದಕ್ಕೆ ಮೊದಲನೆಯವನಿಗೆ ಎರಡು ಸ್ಟ್ರೋಕ್ ದಂಡ, ವಾಪಸ್ ಬಂದು ತನ್ನದನ್ನು ಹೊಡೆಯಬೇಕು. ಮೊದಲನೆಯ ಹುಡುಗ ಆ ಹೊತ್ತಿಗೆ ಎರಡನೇ ಸ್ಥಾನದಲ್ಲಿದ್ದ. ಮುಂದಿನ ಮೂರು ಹೋಲ್ ಅವನ ಕೈ ನಡುಗುವುದು ನಿಲ್ಲಲಿಲ್ಲ. ಪರ್ಮನೆಂಟ್ ಮಾರ್ಕರಿನಲ್ಲಿ ಬಾಲಿನ ಮೇಲೆ ಮೂರು ಚುಕ್ಕೆ ಇಟ್ಟಿದ್ದರೆ ಮುಗಿಯುತ್ತಿತ್ತು.

ಅವಳಿಗೆ ಬಾಯಿಪಾಠ ಇರಬೇಕಾದದ್ದು ಇಷ್ಟು. ಬಾಲ್ ಹುಡುಕಲು ಮೂರು ನಿಮಿಷ. ಮೊದಲು ಐದು ಇತ್ತು, 2019ರಿಂದ ಮೂರು. ನಿಮ್ಮ ತಮ್ಮ ಹಳೇ ನಿಯಮವನ್ನೇ ಹೇಳಿಕೊಟ್ಟಿರಬಹುದು, ವಿಚಾರಿಸಿ. ಬಾಲ್ ಓಬಿ (ಮೈದಾನದ ಗಡಿಯಾಚೆ) ಹೋಗಿರಬಹುದು ಅಥವಾ ಸಿಗಲಿಕ್ಕಿಲ್ಲ ಅನ್ನಿಸಿದರೆ ಅಲ್ಲಿಂದಲೇ ಇನ್ನೊಂದು ಹೊಡೆಯಬಹುದು, ಆದರೆ 'ಪ್ರೊವಿಷನಲ್' (ತಾತ್ಕಾಲಿಕ ಬಾಲ್) ಅಂತ ಬಾಯಿಬಿಟ್ಟು ಹೇಳಬೇಕು. ಹೇಳದೆ ಹೊಡೆದರೆ ಅದೇ ಆಟದ ಬಾಲ್ ಆಗಿಬಿಡುತ್ತದೆ. ಡ್ರಾಪ್ ಮಾಡುವುದು, ಅಂದರೆ ನಿಯಮದ ಪ್ರಕಾರ ಬಾಲನ್ನು ಕೈಯಿಂದ ನೆಲಕ್ಕೆ ಬಿಡುವುದು, ಮೊಣಕಾಲಿನ ಎತ್ತರದಿಂದ. ಟೀ ಸಮಯಕ್ಕೆ ಐದು ನಿಮಿಷದೊಳಗೆ ತಡವಾದರೆ ಎರಡು ಸ್ಟ್ರೋಕ್ ದಂಡ, ಅದಕ್ಕಿಂತ ತಡವಾದರೆ ಅನರ್ಹ. ಯಾವ ನಿಯಮ ಅಂತ ಗೊಂದಲ ಆದರೆ ಸ್ಟ್ರೋಕ್ ಪ್ಲೇಯಲ್ಲಿ ಎರಡು ಬಾಲ್ ಆಡಿ, ಯಾವುದು ಲೆಕ್ಕಕ್ಕೆ ಬರಬೇಕು ಅಂತ ಮೊದಲೇ ಜೊತೆಯವರಿಗೆ ಹೇಳಿ, ಕಾರ್ಡು ಕೊಡುವ ಮೊದಲು ಸಮಿತಿಯವರ ಮುಂದೆ ವಿಷಯ ಇಡಬಹುದು. ಈ ಒಂದು ನಿಯಮ ಗೊತ್ತಿದ್ದರೆ ಮಗು ಹೆದರಿ ನಿಲ್ಲುವುದಿಲ್ಲ.

ಕಾರ್ಡಿನ ವಿಷಯ ಎಲ್ಲಕ್ಕಿಂತ ಮುಖ್ಯ. ಪಂದ್ಯದಲ್ಲಿ ಅವಳ ಸ್ಕೋರನ್ನು ಜೊತೆಗೆ ಆಡುವ ಇನ್ನೊಂದು ಮಗು ಬರೆಯುತ್ತದೆ, ಆ ಮಗುವಿನದ್ದನ್ನು ಇವಳು. ಕೊನೆಗೆ ಇಬ್ಬರೂ ಹೋಲ್ ಹೋಲಾಗಿ ಓದಿ, ತಾಳೆ ನೋಡಿ, ಸಹಿ ಹಾಕಬೇಕು. ಒಟ್ಟು ಕೂಡುವುದು ಸಮಿತಿಯ ಕೆಲಸ. ಹೋಲಿನ ಅಂಕಿ ಸರಿ ಇರುವುದು ಆಡಿದವರ ಹೊಣೆ. ಆರು ಹೊಡೆದು ಐದು ಅಂತ ಬರೆದ ಕಾರ್ಡು ಕೊಟ್ಟರೆ ಅನರ್ಹ. ಐದು ಹೊಡೆದು ಆರು ಅಂತ ಬರೆದಿದ್ದರೆ ಆರೇ ಗಟ್ಟಿ. ಆಟ ಮುಗಿದ ಖುಷಿಗೋ ಬೇಜಾರಿಗೋ ನೋಡದೆ ಸಹಿ ಹಾಕಿ ಬರುವ ಮಕ್ಕಳು ಬೇಕಾದಷ್ಟು. ಪ್ರತಿ ಹೋಲ್ ಮುಗಿದ ಕೂಡಲೇ, ಮುಂದಿನ ಟೀಗೆ ನಡೆಯುವಾಗ 'ನಿಂದು ಎಷ್ಟು, ನಂದು ಎಷ್ಟು' ಅಂತ ಕೇಳಿಕೊಳ್ಳುವ ಅಭ್ಯಾಸ ಕಾಣಕೋಣದಲ್ಲೇ ಶುರುವಾಗಲಿ.

ನಿಮ್ಮ ಪಾತ್ರ? ಕಡಿಮೆ ಇದ್ದಷ್ಟೂ ಒಳ್ಳೆಯದು. ಆಡುವವರು ತಮ್ಮ ಬ್ಯಾಗ್ ಹೊರುವ ಕ್ಯಾಡಿಯನ್ನು ಬಿಟ್ಟು ಬೇರೆ ಯಾರ ಹತ್ತಿರವೂ 'ಯಾವ ಕ್ಲಬ್ ಹೊಡೆಯಲಿ' ಅಂತ ಕೇಳುವ ಹಾಗಿಲ್ಲ, ಕೇಳಿದರೆ ಎರಡು ಸ್ಟ್ರೋಕ್ ದಂಡ. ಅದಿತಿಯ ಅಪ್ಪ ರಿಯೊ ಒಲಿಂಪಿಕ್ಸ್‌ನಲ್ಲಿ, ಅಮ್ಮ ಟೋಕಿಯೊದಲ್ಲಿ ಬ್ಯಾಗ್ ಹೊತ್ತರು ನಿಜ, ಆದರೆ ಅವರು ಅಲ್ಲಿ ಕ್ಯಾಡಿಗಳು. ಮಕ್ಕಳ ಪಂದ್ಯಗಳಲ್ಲಿ ಅಪ್ಪ ಅಮ್ಮ ಕ್ಯಾಡಿಯಾಗುವುದಕ್ಕೆ, ಹತ್ತಿರ ನಡೆಯುವುದಕ್ಕೆ ಎಷ್ಟೋ ಸಲ ಅವಕಾಶ ಇರುವುದಿಲ್ಲ. ದೂರದಿಂದ ಕೈಸನ್ನೆ, ಕೆಮ್ಮು, ತಲೆಯಾಡಿಸುವುದು, ಕೊಂಕಣಿಯಲ್ಲಿ ಒಂದು ಮಾತು ಎಸೆಯುವುದು, ಇವೆಲ್ಲ ನಾನು ನೋಡಿದ್ದೇನೆ. ರೆಫ್ರಿಗೆ ಕೊಂಕಣಿ ಬರುವುದಿಲ್ಲ ಅಂತ ಅಂದುಕೊಳ್ಳಬೇಡಿ! ನೀರು, ಬಾಳೆಹಣ್ಣು, ಚಿಕ್ಕಿ ಬ್ಯಾಗಿಗೆ ಹಾಕಿಕೊಟ್ಟು ನೆರಳು ಹುಡುಕಿ ಕೂತುಬಿಡಿ. ವಾಪಸ್ ಬರುವ ದಾರಿಯಲ್ಲಿ 'ಆ ಏಳನೇ ಹೋಲಿನಲ್ಲಿ ಯಾಕೆ ಹಾಗೆ ಮಾಡಿದೆ' ಅಂತ ತೆಗೆಯಬೇಡಿ. ಮರುದಿನ ಕಾರ್ಡು ಇಟ್ಟುಕೊಂಡು ಮಾತಾಡಿದರೆ ಆಯಿತು, ಅದೂ ಅವಳು ಶುರು ಮಾಡಿದರೆ.

ಕ್ಲಬ್ಬುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದೊಡ್ಡವರ ಹಳೇ ಕ್ಲಬ್ ಕತ್ತರಿಸಿ ಕೊಟ್ಟಿದ್ದರೆ ಬದಲಿಸಿ. ಉದ್ದ ಕಡಿಮೆಯಾದರೂ ತೂಕ, ಬಿರುಸು ಹಾಗೇ ಉಳಿದಿರುತ್ತದೆ, ಮಗು ಅದನ್ನು ಎತ್ತಲು ಬೆನ್ನು ತಿರುಚುತ್ತದೆ. ಮಕ್ಕಳ ಎತ್ತರಕ್ಕೆ ಸರಿಯಾಗಿ ಮಾಡಿದ ಸೆಟ್ ಸಿಗುತ್ತವೆ. ಬೆಳೆದ ಮಕ್ಕಳ ಮನೆಯಲ್ಲಿ ಹಳೆಯದು ಅರ್ಧ ಬೆಲೆಗೆ ಸಿಕ್ಕರೆ ಇನ್ನೂ ಒಳ್ಳೆಯದು. 14 ಕ್ಲಬ್ಬಿಗೆ ಅವಕಾಶ ಇದೆ ಅಂತ 14 ತುಂಬಬೇಡಿ, ಏಳೆಂಟು ಸಾಕು, ಬ್ಯಾಗ್ ಹೊರುವವಳು ಅವಳೇ ಅಲ್ವಾ.

ಖರ್ಚು ಎಷ್ಟು ಅಂತ ಒಂದೇ ಅಂಕಿ ಹೇಳಲು ಬರುವುದಿಲ್ಲ, ಆದರೆ ಎಲ್ಲಿ ಹೋಗುತ್ತದೆ ಅಂತ ಹೇಳಬಹುದು. ಎಂಟ್ರಿ ಫೀ ಕಣ್ಣಿಗೆ ಕಾಣುತ್ತದೆ. ಅದರ ಹಿಂದೆ ಪ್ರಾಕ್ಟೀಸ್ ರೌಂಡಿನ ಫೀ, ಕ್ಯಾಡಿ ಫೀ, ಲಾಡ್ಜ್, ಊಟ, ಆಟೊ ಎಲ್ಲ ಸಾಲಾಗಿ ಬರುತ್ತವೆ. ಕಾರವಾರದಿಂದ ಬೆಂಗಳೂರಿಗೆ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಬೆಳಗ್ಗೆ ಇಳಿದು ಅವತ್ತೇ ಪಂದ್ಯ ಆಡಿಸುವ ಲೆಕ್ಕ ಹಾಕಬೇಡಿ. ಒಂದು ದಿನ ಮೊದಲೇ ಮುಟ್ಟಿ, ಪ್ರಾಕ್ಟೀಸ್ ರೌಂಡ್ ಆಡಿಸಿ. ಬೆಂಗಳೂರಿನ ಗ್ರೀನ್ ನಿಮ್ಮ ಜಮಖಾನದ ಹಾಗಲ್ಲ, ವೇಗ ಅಂದಾಜಿಗೆ ಸಿಗಲು ಆ ಒಂದು ದಿನ ಬೇಕೇ ಬೇಕು. ಕ್ಲಾಸು ತಪ್ಪುವ ದಿನಗಳ ಬಗ್ಗೆ ಮುಖ್ಯೋಪಾಧ್ಯಾಯರಿಗೆ ವರ್ಷದ ಶುರುವಿನಲ್ಲೇ ಪಟ್ಟಿ ಕೊಟ್ಟುಬಿಡಿ, ಯಾರ ಹತ್ತಿರ ಹೇಗೆ ಕೇಳಬೇಕು ಅಂತ ನಿಮಗೇ ಗೊತ್ತು.

ಶಾಲೆಯಲ್ಲಿ ಖೋ ಖೋ, ಓಟ, ಈಜು ಏನಿದೆಯೋ ಅದನ್ನೆಲ್ಲ ಆಡಲಿ. 11ಕ್ಕೆ ಗಾಲ್ಫ್ ಒಂದನ್ನೇ ಹಿಡಿದು ಕೂರುವುದು ನನಗೆ ಒಪ್ಪಿಗೆಯಿಲ್ಲ. ಮಳೆಗಾಲದ ನಾಲ್ಕು ತಿಂಗಳು ಇದಕ್ಕೇ ಇರಲಿ, ಜೊತೆಗೆ ಜಮಖಾನ ಮತ್ತು ನಿಯಮದ ಪುಸ್ತಕ. ಕೊನೆಯ ಸಲ 2023ರಲ್ಲಿ ತಿದ್ದಿದ್ದಾರೆ, ಗಾಲ್ಫ್ ನಿಯಮ ರೂಪಿಸುವ ಆರ್ ಅಂಡ್ ಎ ಸಂಸ್ಥೆಯ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತದೆ. ದಿನಕ್ಕೆ ಒಂದು ನಿಯಮ, ನೀವು ಪ್ರಶ್ನೆ ಕೇಳಿ, ಅವಳು ಉತ್ತರ ಹೇಳಲಿ. ಒಂದು ವಾರ ಅದಲು ಬದಲು ಮಾಡಿ, ಅವಳಿಗೆ ಮಜಾ ಬರುತ್ತದೆ.

ದೊಡ್ಡ ಊರಿನಲ್ಲಿ, ದೊಡ್ಡ ಮನೆಯಲ್ಲಿ ಹುಟ್ಟದವರಿಗೆ ಈ ಆಟ ಅಲ್ಲ ಅಂತ ಯಾರಾದರೂ ಅಂದರೆ, ಬಿಡದಿ ಹತ್ತಿರದ ಈಗಲ್‌ಟನ್ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾಗಿ ಆಟ ಕಲಿತು ವೃತ್ತಿಪರ ಆಟಗಾರರಾದ ಎಸ್. ಚಿಕ್ಕರಂಗಪ್ಪ ಅವರ ಹೆಸರು ಹೇಳಿ. ಮೈಸೂರಿನ ಪ್ರಣವಿ ಅರಸ್ ಯುರೋಪಿನ ಮಹಿಳಾ ಟೂರ್ ತನಕ ಹೋಗಿದ್ದಾರೆ, ಅದನ್ನೂ ಹೇಳಿ.

ನೀವು ಕಳಿಸಿದ ಸ್ವಿಂಗ್ ವಿಡಿಯೊ ನೋಡಿದೆ. ಅದರ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮುಂದಿನ ರಜೆಯಲ್ಲಿ ಕಾಣಕೋಣದಲ್ಲಿ 9 ಹೋಲ್ ಆಡಿದ ಮೂರು ಕಾರ್ಡುಗಳ ಫೋಟೊ ಕಳಿಸಿ, ಅವಳ ಕೈಬರಹದಲ್ಲೇ ಇರಲಿ, ಪಟ್ ಎಷ್ಟು ಅಂತ ಪಕ್ಕದಲ್ಲಿ ಬರೆದಿರಲಿ. ಅದನ್ನು ನೋಡಿದ ಮೇಲೆ ಯಾವ ಪಂದ್ಯಕ್ಕೆ ಹೆಸರು ಕೊಡಬಹುದು ಅಂತ ಹೇಳುತ್ತೇನೆ.